ಎಲೆ ಪರೀಕ್ಷೆ: ಯಾವ ಎಲೆ, ಯಾವಾಗ, ಹೇಗೆ ಕೀಳಬೇಕು? ಬೆಂಗಳೂರು ಸುತ್ತಿನ ಬೆಳೆಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ದೇವನಹಳ್ಳಿಯ ದ್ರಾಕ್ಷಿ, ದೊಡ್ಡಬಳ್ಳಾಪುರದ ಗುಲಾಬಿ ಪಾಲಿಹೌಸ್, ರಾಮನಗರದ ಮಾವು, ಹೊಸಕೋಟೆಯ ಟೊಮ್ಯಾಟೊ. ಬೆಳೆ ಬೇರೆಬೇರೆಯಾದರೂ ಎಲೆ ಪರೀಕ್ಷೆ (ಎಲೆಯನ್ನು ಲ್ಯಾಬಿಗೆ ಕೊಟ್ಟು ಅದರಲ್ಲಿ ಪೋಷಕಾಂಶ ಎಷ್ಟಿದೆ ಎಂದು ಅಳೆಸುವುದು) ಎಂದ ಕೂಡಲೇ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ವರದಿ ಸರಿ ಬರಲಿಲ್ಲ ಎಂದು ಲ್ಯಾಬನ್ನು ಬೈಯುವವರು ಬಹಳ. ಆದರೆ ಎಡವಟ್ಟು ಆಗುವುದು ಬಹುಪಾಲು ತೋಟದಲ್ಲೇ, ಎಲೆ ಕೀಳುವಾಗ. ಹಾಗಾಗಿ ಇಲ್ಲಿ ಲ್ಯಾಬಿನ ವಿಷಯ ಕಡಿಮೆ, ತೋಟದ ವಿಷಯ ಜಾಸ್ತಿ.

ಮಣ್ಣು ಪರೀಕ್ಷೆ ಮಾಡಿಸಿದ್ದೇನೆ. ಮತ್ತೆ ಎಲೆ ಪರೀಕ್ಷೆ ಯಾಕೆ?

ಮಣ್ಣಿನಲ್ಲಿ ಇರುವುದೆಲ್ಲ ಗಿಡಕ್ಕೆ ಸಿಗುವುದಿಲ್ಲ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಹೆಚ್ಚು. ಹಾಕಿದ ರಂಜಕವನ್ನು ಅವು ಕಟ್ಟಿ ಹಾಕಿಬಿಡುತ್ತವೆ. ಬೋರ್‌ವೆಲ್ ನೀರು ಗಡುಸಾಗಿದ್ದು ಬೈಕಾರ್ಬನೇಟ್ ಜಾಸ್ತಿ ಇದ್ದರೆ, ವರ್ಷಗಟ್ಟಲೆ ಹನಿ ನೀರಾವರಿ ಮಾಡಿದ ಜಾಗದಲ್ಲಿ ಮಣ್ಣಿನ ರಸಸಾರ (ಪಿಎಚ್) ಏರುತ್ತದೆ. ಕಬ್ಬಿಣ, ಸತು ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಬೇರಿಗೆ ಜಂತುಹುಳು ಬಿದ್ದಿದ್ದರಂತೂ ಗೊಬ್ಬರ ಸುರಿದಷ್ಟೂ ದಂಡ. ಗಿಡ ನಿಜವಾಗಿ ಎಷ್ಟು ಹೀರಿಕೊಂಡಿದೆ ಎಂಬ ಲೆಕ್ಕ ಎಲೆಯಲ್ಲಿ ಸಿಗುತ್ತದೆ.

ಇನ್ನೊಂದು ವಿಷಯವನ್ನು ಅನೇಕರು ಗಮನಿಸಿರುವುದಿಲ್ಲ. 2015ರಲ್ಲಿ ಶುರುವಾದ ಕೇಂದ್ರದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಮೆಗ್ನೀಷಿಯಂ ಇಲ್ಲ. ಟೊಮ್ಯಾಟೊ ಕಾಯಿಯ ತಳ ಕಪ್ಪಾಗಿ ಕೊಳೆಯುವುದಕ್ಕೂ ದ್ರಾಕ್ಷಿಯ ಹಳೆ ಎಲೆ ನರಗಳ ನಡುವೆ ಹಳದಿಯಾಗುವುದಕ್ಕೂ ಈ ಎರಡರ ನಂಟಿದೆ. ಎಲೆ ವರದಿಯಲ್ಲಿ ಎರಡೂ ಬರುತ್ತವೆ.

ಹಾಗೆಂದು ಮಣ್ಣು ಪರೀಕ್ಷೆ ಬಿಡುವಂತಿಲ್ಲ. ರಸಸಾರ, ಲವಣಾಂಶ, ಸಾವಯವ ಇಂಗಾಲವನ್ನು ಎಲೆ ಹೇಳುವುದಿಲ್ಲ. ಮಾವು, ತೆಂಗು, ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಗೆ ಎರಡೂ ಬೇಕು. ಆ ಬೇರುಗಳು ನಾವು ಮಣ್ಣು ತೆಗೆಯುವ ಒಂದು ಗೇಣು ಆಳದಲ್ಲಿ ನಿಲ್ಲುವುದಿಲ್ಲವಲ್ಲ. ರಾಗಿಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಅಷ್ಟು ಸಾಕು. ಎಲೆ ಪರೀಕ್ಷೆಗೆ ಕೊಡುವ ಕಾಸು ಅಲ್ಲಿ ಹುಟ್ಟುವುದಿಲ್ಲ.

ಎಲೆಯ ಬಣ್ಣ ನೋಡಿಯೇ ಕೊರತೆ ಹೇಳಬಹುದಲ್ಲ?

ಅರ್ಧ ಹೇಳಬಹುದು. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಗಿಡದೊಳಗೆ ಓಡಾಡುತ್ತವೆ. ಸಾಲದಾದಾಗ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕಳಿಸುತ್ತದೆ, ಹಾಗಾಗಿ ಲಕ್ಷಣ ಮೊದಲು ಕೆಳಗಿನ ಎಲೆಯಲ್ಲಿ. ಕ್ಯಾಲ್ಸಿಯಂ, ಬೋರಾನ್, ಕಬ್ಬಿಣ ಹೋದ ಕಡೆಯೇ ಕೂರುತ್ತವೆ. ಅವುಗಳ ಕೊರತೆ ಚಿಗುರಿನಲ್ಲಿ. ಇಷ್ಟು ಗೊತ್ತಿದ್ದರೆ ಗೊಬ್ಬರದ ಅಂಗಡಿಯವರು ಕೊಟ್ಟ ಡಬ್ಬಿಯನ್ನೆಲ್ಲ ಹೊತ್ತು ತರುವುದು ತಪ್ಪುತ್ತದೆ.

ತೊಂದರೆ ಎರಡು. ಕಣ್ಣಿಗೆ ಕಾಣುವ ಹೊತ್ತಿಗೆ ಇಳುವರಿ ಆಗಲೇ ಒಂದಿಷ್ಟು ಹೋಗಿರುತ್ತದೆ. ಎಲೆ ಹಸಿರಾಗಿದ್ದೇ ಫಸಲು ಕುಗ್ಗುವ ಒಂದು ಹಂತ ಅದಕ್ಕೂ ಮುಂಚೆ ಇರುತ್ತದೆ. ಎರಡನೆಯದು, ಕೊರತೆಯ ವೇಷ ಹಾಕುವ ಬೇರೆ ಕಾಟಗಳು. ಟೊಮ್ಯಾಟೊ ಎಲೆ ಮುದುಡು ನಂಜುರೋಗ, ಮೈಟ್ಸ್ (ನುಸಿ), ಪಕ್ಕದ ಹೊಲದಿಂದ ತೂರಿ ಬಂದ ಕಳೆನಾಶಕ, ನೀರು ನಿಂತು ಉಸಿರುಕಟ್ಟಿದ ಬೇರು, ಎಲ್ಲವೂ ಪೋಷಕಾಂಶದ ಕೊರತೆಯ ಹಾಗೇ ಕಾಣಬಲ್ಲವು.

ಹಾಗಾದರೆ ಯಾವ ಎಲೆ ಕೀಳಬೇಕು?

ಇಡೀ ಲೆಕ್ಕಾಚಾರ ನಿಂತಿರುವುದು ಇದರ ಮೇಲೆ. ಎಲೆ ಬಲಿತಂತೆಲ್ಲ ಅದರಲ್ಲಿನ ಸಾರಜನಕ, ರಂಜಕ, ಪೊಟ್ಯಾಷ್ ಪ್ರಮಾಣ ಇಳಿಯುತ್ತದೆ, ಕ್ಯಾಲ್ಸಿಯಂ ಏರುತ್ತದೆ. ಚಿಗುರು ಕಿತ್ತರೆ ಸಾರಜನಕ ಭರ್ಜರಿ, ಕ್ಯಾಲ್ಸಿಯಂ ಕೊರತೆ ಎಂದು ಬರುತ್ತದೆ. ಮುದಿ ಎಲೆ ಕಿತ್ತರೆ ಅದರ ತಿರುಗಾಮುರುಗಾ. ಗಿಡ ಅದೇ, ಗೊಬ್ಬರವೂ ಅದೇ. ಅದಕ್ಕೇ ಪ್ರತಿ ಬೆಳೆಗೂ ಇಂಥ ಹಂತದಲ್ಲಿ ಇಂಥ ಎಲೆ ಎಂದು ಗೊತ್ತುಪಡಿಸಿದ್ದಾರೆ. ಲ್ಯಾಬಿನವರು ನಿಮ್ಮ ಅಂಕಿಯನ್ನು ಹೋಲಿಸುವ ಪಟ್ಟಿ ಆ ಎಲೆಗೆ ಮಾತ್ರ ಲಾಗೂ.

ಎಲೆಯ ಯಾವ ಭಾಗ ಎಂಬುದೂ ಅಷ್ಟೇ ಮುಖ್ಯ. ಬಾಳೆಯ ಮೂರನೇ ಎಲೆಯ ಹಸಿರು ಭಾಗದಲ್ಲಿ ಸಾರಜನಕದ ಕನಿಷ್ಠ ಮಟ್ಟ ಸುಮಾರು 2.6%. ಅದೇ ಎಲೆಯ ನಡುದಿಂಡಿನಲ್ಲಿ (ಎಲೆಯ ಮಧ್ಯದ ದಪ್ಪ ನರ) 0.65% ಇದ್ದರೆ ಸಾಕು. ಹಸಿರು ಭಾಗ ಬೇಕಾದ ಕಡೆ ದಿಂಡನ್ನು ಕಳಿಸಿದರೆ ಚೆನ್ನಾಗಿರುವ ತೋಟಕ್ಕೂ ಯೂರಿಯಾ ಸುರಿಯಿರಿ ಎಂಬ ಸಲಹೆ ಬಂದೀತು.

ನಮ್ಮ ಸುತ್ತಿನ ಬೆಳೆಗಳ ವಿಚಾರಕ್ಕೆ ಬರೋಣ.

ದ್ರಾಕ್ಷಿಯಲ್ಲಿ ಎಲೆ ಬೇಡ, ತೊಟ್ಟು ಬೇಕು. ಕಿತ್ತ ಕೂಡಲೇ ಎಲೆಯನ್ನು ಚಿವುಟಿ ಬಿಸಾಕಿ, ತೊಟ್ಟು ಮಾತ್ರ ಇಟ್ಟುಕೊಳ್ಳಿ. ಮುಂದಿನ ಇಳುವರಿ ಅಂದಾಜಿಗೆ, ಕಟಿಂಗ್ (ಬಳ್ಳಿಯ ರೆಂಬೆ ಸವರುವುದು) ಆಗಿ ಸುಮಾರು 45 ದಿನಕ್ಕೆ, ರೆಂಬೆಯ ಕಣ್ಣಿನೊಳಗೆ ಹೂಮೊಗ್ಗು ರೂಪುಗೊಳ್ಳುವಾಗ, ರೆಂಬೆಯ ಬುಡದಿಂದ ಐದನೇ ಎಲೆಯ ತೊಟ್ಟು. ಹಣ್ಣಿನ ಗುಣಮಟ್ಟದ ಲೆಕ್ಕಕ್ಕಾದರೆ ಹೂ ಬಿಟ್ಟಾಗ ಗೊಂಚಲಿನ ಎದುರಿನ ಎಲೆಯ ತೊಟ್ಟು. ಪುಸ್ತಕಗಳಲ್ಲಿ ‘ಏಪ್ರಿಲ್ ಚಾಟನಿ’ (ಏಪ್ರಿಲ್ ಕಟಿಂಗ್) ಎಂದಿರುವುದು ವಿಜಯಪುರ, ಮಹಾರಾಷ್ಟ್ರ ಕಡೆಯ ಪದ್ಧತಿಗೆ. ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ ನಾವು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತೇವೆ. ಆದ್ದರಿಂದ ತಿಂಗಳು ನೋಡಬೇಡಿ, ಕಟಿಂಗ್ ಮಾಡಿದ ದಿನದಿಂದ ಎಣಿಸಿ. ಯಾವ ಕಟಿಂಗ್ ಎಂಬುದನ್ನು ಲ್ಯಾಬಿಗೆ ಬರೆದುಕೊಡಿ.

ಮಾವಿಗೆ 4ರಿಂದ 7 ತಿಂಗಳು ಬಲಿತ ಎಲೆ, ರೆಂಬೆಯ ನಡುಭಾಗದಿಂದ, ತೊಟ್ಟು ಸಮೇತ. ಕೆಂಪು ಚಿಗುರು ಬೇಡವೇ ಬೇಡ. ಸಪೋಟಕ್ಕೆ ತುದಿಯಿಂದ ಹತ್ತನೇ ಎಲೆ, ಸೆಪ್ಟೆಂಬರಿನಲ್ಲಿ. ಸೀಬೆಗೆ ಹೂ ಬಿಡುವಾಗ ತುದಿಯಿಂದ ಮೂರನೇ ಜೋಡಿ. ದಾಳಿಂಬೆಗೆ ತುದಿಯಿಂದ ಎಂಟನೇ ಎಲೆ. ಪಪ್ಪಾಯಕ್ಕೆ ನೆಟ್ಟು ಆರು ತಿಂಗಳಾದಾಗ ಮೇಲಿನಿಂದ ಆರನೇ ಎಲೆಯ ತೊಟ್ಟು.

ತೆಂಗಿಗೆ 14ನೇ ಗರಿ. ಗರಿಯ ನಡುಭಾಗದ ಎರಡೂ ಬದಿಯಿಂದ ಕೆಲವು ಎಲೆ ಕಿತ್ತು, ಒಂದೊಂದರ ಮಧ್ಯದ 10 ಸೆಂ.ಮೀ. ತುಂಡು ಮಾತ್ರ ಉಳಿಸಿ, ಪೊರಕೆ ಕಡ್ಡಿ ಎಳೆದು ಹಾಕಬೇಕು. ಸಣ್ಣ ಗಿಡಕ್ಕೆ ಅಷ್ಟು ಗರಿ ಇರುವುದಿಲ್ಲ, 4ನೆಯದು ಅಥವಾ 9ನೆಯದು ತೆಗೆಯುತ್ತಾರೆ. ತೆಂಗಿನಲ್ಲಿ ಐದೈದು ಗರಿಗೊಮ್ಮೆ ಹೆಚ್ಚುಕಡಿಮೆ ಒಂದೇ ನೇರಕ್ಕೆ ಬರುವುದರಿಂದ 4, 9, 14 ಒಂದರ ಕೆಳಗೊಂದು ಸಿಗುತ್ತವೆ. ಕೆಳಗೆ ನಿಂತು ಎಣಿಸುವವರಿಗೆ ಇದು ಅನುಕೂಲ.

ಟೊಮ್ಯಾಟೊ ಹೂ ಬಿಡಲು ಶುರು ಮಾಡಿದಾಗ ತುದಿಯಿಂದ ಕೆಳಗೆ ಪೂರ್ತಿ ಬಲಿತ ಮೊದಲ ಎಲೆ ತೆಗೆಯಿರಿ. ಸಾಮಾನ್ಯವಾಗಿ ಅದು 3ರಿಂದ 5ನೆಯದು. ಇಲ್ಲಿ ಒಂದು ಗೊಂದಲ ಯಾವಾಗಲೂ ಬರುತ್ತದೆ. ಕಾಂಡಕ್ಕೆ ಅಂಟಿದ ತೊಟ್ಟಿನಿಂದ ತುದಿವರೆಗಿನ ಎಲ್ಲ ಕಿರುಎಲೆಗಳೂ ಸೇರಿ ಒಂದು ಎಲೆ. ಒಂದು ಕಿರುಎಲೆ ಚಿವುಟಿ ತಂದರೆ ಅದು ಎಲೆಯಲ್ಲ. ಗುಲಾಬಿಯಲ್ಲೂ ಹಾಗೇ: ಮೊಗ್ಗು ಬಣ್ಣ ತೋರಿಸುವ ಹೊತ್ತಿಗೆ, ಹೂವಿನ ಕೆಳಗೆ ಸಿಗುವ ಐದು ಕಿರುಎಲೆಗಳಿರುವ ಮೊದಲ ಎಲೆಯನ್ನು ಇಡಿಯಾಗಿ ತೆಗೆಯಬೇಕು. ಆಲೂಗೆಡ್ಡೆಗೆ ತುದಿಯಿಂದ ನಾಲ್ಕನೇ ಎಲೆಯ ತೊಟ್ಟು. ಮುಸುಕಿನ ಜೋಳಕ್ಕೆ ತೆನೆಯಲ್ಲಿ ಕೂದಲು ಬಂದಾಗ ಆ ತೆನೆಯ ಬುಡದ ಎಲೆ. ಕೂದಲು ಒಣಗಿದ ಮೇಲೆ ತೆಗೆದರೆ ಪ್ರಯೋಜನವಿಲ್ಲ.

ಮೂರನೇ ಎಲೆ ಎಂದರೆ ಸುಳಿಯನ್ನೂ ಸೇರಿಸಿ ಎಣಿಸಬೇಕಾ?

ಇಲ್ಲ. ಬಾಳೆ, ತೆಂಗಿನಲ್ಲಿ ಸುತ್ತಿಕೊಂಡಿರುವ ಸುಳಿ ಲೆಕ್ಕಕ್ಕಿಲ್ಲ. ಪೂರ್ತಿ ಬಿಚ್ಚಿಕೊಂಡ ಮೊದಲ ಎಲೆಯೇ ಒಂದು. ಬಾಳೆಯ ಮೂರನೇ ಎಲೆಯ ಮಧ್ಯಭಾಗದಲ್ಲಿ, ದಿಂಡಿನ ಎರಡೂ ಕಡೆಯಿಂದ ಒಂದು ಗೇಣಿನೊಳಗಿನ ಪಟ್ಟಿ ಕತ್ತರಿಸುವುದು ಅಂತರರಾಷ್ಟ್ರೀಯ ಪದ್ಧತಿ. ನಮ್ಮ ದೇಶದಲ್ಲಿ ಅದೇ ಎಲೆಯ ತೊಟ್ಟು ತೆಗೆಯುವ ಪದ್ಧತಿಯೂ ಇದೆ, ನೆಟ್ಟು ನಾಲ್ಕು ತಿಂಗಳ ಹೊತ್ತಿಗೆ. ನೀವು ಕೊಡುವ ಲ್ಯಾಬ್ ಯಾವುದನ್ನು ಅನುಸರಿಸುತ್ತದೆ ಎಂದು ಮೊದಲೇ ಫೋನ್ ಮಾಡಿ ಕೇಳಿ. ಮೇಲೆ ಹೇಳಿದ 2.6, 0.65ರ ಕಥೆ ನೆನಪಿರಲಿ.

ಎಷ್ಟು ಗಿಡದಿಂದ ತೆಗೆಯಬೇಕು? ಹತ್ತು ಎಲೆ ಸಾಲದೇ?

ಸಾಲದು. ದ್ರಾಕ್ಷಿಗೆ 200 ತೊಟ್ಟು ಬೇಕು. ಅಷ್ಟೊಂದಾ ಎನಿಸಬಹುದು, ಆದರೆ ಒಣಗಿದ ಮೇಲೆ ಅದು ಒಂದು ಹಿಡಿಯೂ ಆಗುವುದಿಲ್ಲ. ಬಾಳೆಗೆ 15–20 ಗಿಡ, ಟೊಮ್ಯಾಟೊದಂಥ ತರಕಾರಿಗೆ 30–40 ಗಿಡ, ಮಾವಿಗೆ 25–30 ಮರದಿಂದ ನಾಲ್ಕು ದಿಕ್ಕಿನಲ್ಲೂ ಭುಜದೆತ್ತರದಲ್ಲಿ ಒಂದೊಂದು ಎಲೆ.

ಅದಕ್ಕೂ ಮೊದಲು ತೋಟವನ್ನು ತಾಕುಗಳಾಗಿ ವಿಂಗಡಿಸಿಕೊಳ್ಳಿ. ಒಂದೇ ತಳಿ, ಒಂದೇ ವಯಸ್ಸು, ಒಂದೇ ಥರದ ಮಣ್ಣು, ಒಂದೇ ಬೋರಿನ ನೀರು ಇದ್ದರೆ ಒಂದು ತಾಕು. ಬಾದಾಮಿ ಮಾವನ್ನೂ ತೋತಾಪುರಿಯನ್ನೂ ಒಂದೇ ಕವರಿಗೆ ತುಂಬಿದರೆ ಬರುವ ಸರಾಸರಿ ಇಬ್ಬರಿಗೂ ಸಲ್ಲುವುದಿಲ್ಲ. ತಾಕಿನೊಳಗೆ ಮೂಲೆಯಿಂದ ಮೂಲೆಗೆ ಅಂಕುಡೊಂಕಾಗಿ ನಡೆಯಿರಿ. ಬದುವಿನ ಸಾಲು, ರಸ್ತೆ ಪಕ್ಕದ ಸಾಲು, ಗೊಬ್ಬರದ ಗುಂಡಿ ಮತ್ತು ಪಂಪ್‌ಹೌಸ್ ಪಕ್ಕದ ಗಿಡಗಳನ್ನು ಬಿಡಿ. ಹುಳ ಕಡಿದ, ಹರಿದ, ರೋಗ ತಗುಲಿದ ಎಲೆ ಬೇಡ.

ಯಾವ ಹೊತ್ತಿನಲ್ಲಿ ಕೀಳಬೇಕು?

ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ 8ರಿಂದ 11ರೊಳಗೆ. ಜೋರು ಮಳೆ ಸುರಿದ ಮಾರನೇ ದಿನ ಬೇಡ, ಪೊಟ್ಯಾಷ್ ಎಲೆಯಿಂದ ತೊಳೆದುಹೋಗುತ್ತದೆ. ನೀರಿಲ್ಲದೆ ಬಾಡಿದ ತೋಟದಲ್ಲೂ ಬೇಡ. ನೀರು ಕೊಟ್ಟು ಗಿಡ ಚೇತರಿಸಿಕೊಳ್ಳಲಿ. ಎಲೆಗೆ ಪೋಷಕಾಂಶ ಸಿಂಪಡಿಸಿದ್ದರೆ ಎರಡು ಮೂರು ವಾರ ತಡೆಯಿರಿ. ಅದಕ್ಕಿಂತ ಒಳ್ಳೆಯದು ಸಿಂಪಡಣೆಗೆ ಮುಂಚೆಯೇ ತೆಗೆದುಬಿಡುವುದು.

ಮೂಲೆಯಲ್ಲಿ ಒಂದು ಹತ್ತು ಗುಂಟೆ ಮಾತ್ರ ಸೊರಗಿದೆ. ಅಲ್ಲಿಂದ ಮಾತ್ರ ತೆಗೆಯಲೇ?

ಎರಡು ಕವರ್ ಮಾಡಿ. ಸೊರಗಿದ ಗಿಡಗಳದ್ದೊಂದು, ಪಕ್ಕದಲ್ಲೇ ಚೆನ್ನಾಗಿರುವ ಗಿಡಗಳದ್ದೊಂದು. ಎರಡರಲ್ಲೂ ಅದೇ ಸ್ಥಾನದ, ಅದೇ ವಯಸ್ಸಿನ ಎಲೆ. ಎರಡೂ ಜಾಗದ ಮಣ್ಣನ್ನೂ ಬೇರೆಬೇರೆಯಾಗಿ ತೆಗೆಯಿರಿ. ಪುಸ್ತಕದ ಪಟ್ಟಿಗಿಂತ ನಿಮ್ಮದೇ ತೋಟದ ಒಳ್ಳೆಯ ಗಿಡದ ಅಂಕಿ ಹೆಚ್ಚು ನಂಬಿಕೆಗೆ ಅರ್ಹ. ಬೆಳೆಯ ಮಧ್ಯದಲ್ಲಿ, ನಿಗದಿತ ಹಂತ ದಾಟಿದ ಮೇಲೆ ಸಮಸ್ಯೆ ಕಂಡರೂ ಈ ದಾರಿ ಇದ್ದೇ ಇದೆ. ಪೂರ್ತಿ ಒಣಗಿದ, ಸತ್ತ ಎಲೆ ತರಬೇಡಿ. ಅದರಿಂದ ಏನೂ ತಿಳಿಯುವುದಿಲ್ಲ.

ಎಲೆಯನ್ನು ತೊಳೆಯಬೇಕಾ? ನಮ್ಮ ಕಡೆ ಧೂಳೋ ಧೂಳು.

ಕ್ವಾರಿ, ಲೇಔಟ್ ಕೆಲಸ, ಟಿಪ್ಪರ್ ಓಡಾಟ. ಬೆಂಗಳೂರಿನ ಅಂಚಿನ ತೋಟಗಳಲ್ಲಿ ಎಲೆ ಹಸಿರೋ ಕೆಂಪೋ ಗೊತ್ತಾಗದ ಕಾಲವೂ ಉಂಟು. ಕೆಂಪು ಧೂಳಿನ ಬಣ್ಣವೇ ಕಬ್ಬಿಣದ್ದು. ತೊಳೆಯದ ಎಲೆಯ ವರದಿಯಲ್ಲಿ ಕಬ್ಬಿಣ ಯದ್ವಾತದ್ವಾ ಬರುತ್ತದೆ, ಗಿಡ ಕಬ್ಬಿಣಕ್ಕೆ ಬಾಯಿಬಿಡುತ್ತಿದ್ದರೂ.

ಲ್ಯಾಬಿನಲ್ಲಿ ತೊಳೆಯುವ ಕ್ರಮ ಹೀಗೆ: ಸಾಬೂನು ಅಂಶದ ತೆಳು ದ್ರಾವಣ, ಆಮೇಲೆ ತೀರಾ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ, ಕೊನೆಗೆ ಡಿಸ್ಟಿಲ್ಡ್ ನೀರು. ಎಲ್ಲವೂ ಕೆಲವೇ ಕ್ಷಣಗಳಲ್ಲಿ ಮುಗಿಯಬೇಕು. ನೆನೆಸಿಟ್ಟರೆ ಪೊಟ್ಯಾಷ್ ನೀರಿಗೆ ಇಳಿಯುತ್ತದೆ. ಅದೇ ದಿನ ಲ್ಯಾಬಿಗೆ ತಲುಪಿಸುವುದಾದರೆ ನೀವು ತೊಳೆಯಲು ಹೋಗಬೇಡಿ, ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೋರ್‌ವೆಲ್ ನೀರಿನಲ್ಲಿ, ಜಿಂಕ್ ಲೇಪದ ಬಕೆಟಿನಲ್ಲಿ ತೊಳೆದರಂತೂ ಸುಣ್ಣ, ಸತು ಎರಡೂ ಸುಳ್ಳು ಬಂದಾವು.

ತೊಳೆದರೂ ಹೋಗದ್ದು ಔಷಧಿಯ ಅಂಶ. ತಾಮ್ರವಿರುವ ಬೋರ್ಡೋ ದ್ರಾವಣ ಹೊಡೆದ ದ್ರಾಕ್ಷಿ ಎಲೆಯಲ್ಲಿ ತಾಮ್ರದ ಅಂಕಿಗೆ ಅರ್ಥವಿಲ್ಲ. ಶಿಲೀಂಧ್ರನಾಶಕ ಮ್ಯಾಂಕೋಜೆಬ್‌ನಲ್ಲಿ ಮ್ಯಾಂಗನೀಸ್ ಮತ್ತು ಸತು ಎರಡೂ ಇವೆ. ಹಾಗಾಗಿ ಯಾವ ತಾರೀಖು ಯಾವ ಔಷಧಿ ಹೊಡೆದಿರಿ ಎಂಬ ಚೀಟಿ ಕೊಡುವುದು ಎಲೆ ಕೊಟ್ಟಷ್ಟೇ ಮುಖ್ಯ. ಬಹಳ ಜನ ಇದನ್ನು ಬರೆಯುವುದೇ ಇಲ್ಲ.

ಹೇಗೆ ಕಟ್ಟಿ ತರಬೇಕು?

ಕಾಗದದ ಕವರಿನಲ್ಲಿ, ನಾಲ್ಕಾರು ತೂತು ಮಾಡಿ. ಪ್ಲಾಸ್ಟಿಕ್ ಕವರಿಗೆ ತುಂಬಿ ಬಸ್ಸಿನಲ್ಲಿ ತಂದರೆ ಹೆಸರಘಟ್ಟದ ಲ್ಯಾಬ್ ತಲುಪುವಷ್ಟರಲ್ಲಿ ಬೆವೆತು ಕೊಳೆಯಲು ಶುರುವಾಗಿರುತ್ತದೆ. ಆ ದಿನವೇ ಕೊಡಲು ಆಗದಿದ್ದರೆ ನೆರಳಿನಲ್ಲಿ ಹರಡಿ ಒಣಗಿಸಿ. ಗೊಬ್ಬರದ ಚೀಲ, ಔಷಧಿ ಡಬ್ಬಿಯ ಹತ್ತಿರ ಇಡಬೇಡಿ. ಗೊಬ್ಬರ ಎರಚಿದ ಕೈಯಲ್ಲಿ ಕೀಳಲೂಬೇಡಿ. ಕವರಿನ ಮೇಲೆ ಹೆಸರು, ಊರು, ಬೆಳೆ, ತಳಿ, ವಯಸ್ಸು, ಯಾವ ಎಲೆ, ಕಿತ್ತ ತಾರೀಖು, ಹಿಂದೆ ಹಾಕಿದ ಗೊಬ್ಬರ ಇಷ್ಟನ್ನು ಪೆನ್ಸಿಲಿನಲ್ಲಿ ಬರೆಯಿರಿ. ಇಂಕು ಒದ್ದೆಯಾದರೆ ಕಲಸಿಹೋಗುತ್ತದೆ.

ಬೆಂಗಳೂರಿನಲ್ಲಿ ಎಲ್ಲಿ ವಿಚಾರಿಸಬೇಕು?

ಹಣ್ಣು, ತರಕಾರಿ, ಹೂವಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ. ಹೊಲದ ಬೆಳೆಗಳಿಗೆ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನ ವಿಭಾಗ. ದೊಡ್ಡಬಳ್ಳಾಪುರ ಕಡೆಯವರು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಮಾಗಡಿ ಕಡೆಯವರು ಚಂದೂರಾಯನಹಳ್ಳಿಯ ಕೇಂದ್ರದಲ್ಲಿ ಮೊದಲು ಮಾತಾಡಬಹುದು. ಮಣ್ಣು ಪರೀಕ್ಷೆ ಮಾಡುವ ಕಡೆಯೆಲ್ಲ ಎಲೆ ಪರೀಕ್ಷೆ ಇರುವುದಿಲ್ಲ. ದರ, ವರದಿಗೆ ಹಿಡಿಯುವ ದಿನ, ಯಾವ ಯಾವ ಅಂಶ ನೋಡುತ್ತಾರೆ ಎಂಬುದನ್ನು ಕೇಳಿಕೊಂಡೇ ಎಲೆ ಕೀಳಿ.

ಲ್ಯಾಬಿನಲ್ಲಿ ಏನು ಮಾಡುತ್ತಾರೆ?

65–70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಎರಡು ದಿನ ಒಣಗಿಸಿ, ಸ್ಟೀಲ್ ಮಿಲ್ಲಿನಲ್ಲಿ ಪುಡಿ ಮಾಡುತ್ತಾರೆ. ಸಾರಜನಕಕ್ಕೆ ಕೆಲ್ಡಾಲ್ ವಿಧಾನ. ಉಳಿದವಕ್ಕೆ ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಪೊಟ್ಯಾಷ್ ಅನ್ನು ಫ್ಲೇಮ್ ಫೋಟೋಮೀಟರಿನಲ್ಲಿ, ಸತು, ಕಬ್ಬಿಣದಂಥವನ್ನು ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರದಲ್ಲಿ ಅಳೆಯುತ್ತಾರೆ.

ವರದಿ ಬಂತು. ಓದುವುದು ಹೇಗೆ?

ಸಾರಜನಕದಿಂದ ಗಂಧಕದವರೆಗೆ ಶೇಕಡಾ ಲೆಕ್ಕ, ಸತು, ಕಬ್ಬಿಣದಂಥ ಲಘು ಪೋಷಕಾಂಶಗಳು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಲೆಕ್ಕ. 1% ಅಂದರೆ 10,000 ಪಿಪಿಎಂ. ಸತು 20 ಪಿಪಿಎಂ ಎಂದು ನೋಡಿ ‘ಅಯ್ಯೋ ಪೊಟ್ಯಾಷಿಗಿಂತ ಜಾಸ್ತಿ’ ಎಂದು ಗಾಬರಿಯಾಗಬೇಡಿ.

ಅಂಕಿಯನ್ನು ಅದೇ ಬೆಳೆಯ ಪಟ್ಟಿಗೇ ಹೋಲಿಸಬೇಕು. ತೆಂಗಿನ 14ನೇ ಗರಿಯಲ್ಲಿ ಪೊಟ್ಯಾಷ್ 0.8ರಿಂದ 1.0% ಇದ್ದರೆ ನಡೆಯುತ್ತದೆ. ಬಾಳೆಯ ಮೂರನೇ ಎಲೆಯಲ್ಲಿ ಅದು 3% ಹತ್ತಿರ ಇರಬೇಕು. ಪಕ್ಕದವರ ತೆಂಗಿನ ವರದಿ ನೋಡಿ ನಿಮ್ಮ ಬಾಳೆಗೆ ಗೊಬ್ಬರ ನಿಲ್ಲಿಸಿದರೆ ಗೊನೆ ಏಳುವುದಿಲ್ಲ.

ಇನ್ನು ಸ್ವಲ್ಪ ಸೂಕ್ಷ್ಮದ ವಿಷಯ. ಗಿಡ ಯಾವುದೋ ಒಂದರ ಕೊರತೆಯಿಂದ ಕುಂಠಿತವಾಗಿದ್ದರೆ, ಬೆಳವಣಿಗೆಯೇ ಇಲ್ಲದ ಎಲೆಯಲ್ಲಿ ಉಳಿದ ಪೋಷಕಾಂಶಗಳೆಲ್ಲ ಒತ್ತೊತ್ತಾಗಿ ಸೇರಿ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಅದೇ ಗಿಡಕ್ಕೆ ಆ ಕೊರತೆ ನೀಗಿಸಿ ಅದು ಭರ್ರನೆ ಬೆಳೆದರೆ, ಬೇರೆ ಅಂಕಿಗಳು ಇಳಿಯುತ್ತವೆ. ಇಳಿದದ್ದು ಕೊರತೆಯಿಂದಲೇ ಆಗಬೇಕಿಲ್ಲ. ಎಲೆ ದೊಡ್ಡದಾಗಿ ಹರಡಿಕೊಂಡಿದೆ ಅಷ್ಟೇ. ಪೊಟ್ಯಾಷ್ ವಿಪರೀತ ಹಾಕಿದ ತೋಟದಲ್ಲಿ ಮೆಗ್ನೀಷಿಯಂ ಬೀಳುತ್ತದೆ; ರಂಜಕ ವಿಪರೀತವಾದರೆ ಸತು ಸೊರಗುತ್ತದೆ. ಹಾಗಾಗಿ ಒಂದೊಂದೇ ಅಂಕಿ ಹಿಡಿದು ಗೊಬ್ಬರ ಕೊಳ್ಳುವುದು ಬೇಡ. ಪೋಷಕಾಂಶಗಳ ಪರಸ್ಪರ ಅನುಪಾತ ನೋಡುವ ‘ಡ್ರಿಸ್’ ಎಂಬ ವಿಧಾನ 1973ರಲ್ಲಿ ಬೋಫಿಲ್ಸ್ ಎಂಬ ವಿಜ್ಞಾನಿಯಿಂದ ಬಂತು. ಯಾವುದು ಎಲ್ಲಕ್ಕಿಂತ ಮೊದಲು ಅಡ್ಡಿಯಾಗಿದೆ, ಯಾವುದು ಆಮೇಲೆ ಎಂಬ ಸರದಿಯನ್ನು ಅದು ಕೊಡುತ್ತದೆ. ಹೆಸರಘಟ್ಟದ ವಿಜ್ಞಾನಿಗಳು ದ್ರಾಕ್ಷಿ, ಮಾವು ಸೇರಿ ಹಲವು ಹಣ್ಣಿನ ಬೆಳೆಗಳಿಗೆ ಈ ಮಾನದಂಡ ರೂಪಿಸಿದ್ದಾರೆ. ವರದಿಯಲ್ಲಿ ಮೈನಸ್ ಚಿಹ್ನೆಯ ಅಂಕಿಗಳು ಕಂಡರೆ ಅದು ಇದೇ. ಮೈನಸ್ ಹೆಚ್ಚಿದ್ದಷ್ಟೂ ಕೊರತೆ ಹೆಚ್ಚು.

ಕಬ್ಬಿಣದ ಅಂಕಿಯನ್ನು ಮಾತ್ರ ಅನುಮಾನದಿಂದಲೇ ನೋಡಿ. ಧೂಳಿನ ಮಾತು ಬಿಟ್ಟರೂ, ಎಲೆಯೊಳಗೆ ಕಬ್ಬಿಣ ಇದ್ದು ಕೆಲಸಕ್ಕೆ ಬಾರದ ರೂಪದಲ್ಲಿರಬಹುದು. ಒಟ್ಟು ಕಬ್ಬಿಣ ಸಾಕಷ್ಟಿದ್ದೂ ಚಿಗುರು ಬೆಳ್ಳಗಾಗುವುದು ಅದಕ್ಕೇ.

ಕೊರತೆ ಕಂಡ ಕೂಡಲೇ ಸ್ಪ್ರೇ ಹೊಡೆದರೆ ಸಾಕಾ?

ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್‌ಗೆ ಸ್ಪ್ರೇ ಚೆನ್ನಾಗಿ ಕೆಲಸ ಮಾಡುತ್ತದೆ, ಬೇಕಾದ ಪ್ರಮಾಣವೇ ಕಡಿಮೆ. ತೋಟಗಾರಿಕೆ ಸಂಸ್ಥೆಯ ಬಾಳೆ ಸ್ಪೆಷಲ್, ಮ್ಯಾಂಗೋ ಸ್ಪೆಷಲ್, ವೆಜಿಟೆಬಲ್ ಸ್ಪೆಷಲ್ ಇರುವುದು ಇದಕ್ಕೇ. ಸಾರಜನಕ, ಪೊಟ್ಯಾಷನ್ನು ಪೂರ್ತಿಯಾಗಿ ಎಲೆಯ ಮೂಲಕ ತುಂಬಿಸಲು ಆಗುವುದಿಲ್ಲ, ಅದು ಬೇರಿನ ಕೆಲಸ. ಬೋರಾನ್ ವಿಚಾರದಲ್ಲಿ ಕೈ ಬಿಗಿ ಇರಲಿ: ಸಾಕು ಮತ್ತು ವಿಷದ ನಡುವಿನ ಅಂತರ ಬಹಳ ಕಿರಿದು.

ಎಲೆ ಬಣ್ಣದ ಪಟ್ಟಿ, ಮೀಟರ್, ಮೊಬೈಲ್ ಆ್ಯಪ್ ಇವೆಯಲ್ಲ?

ಭತ್ತಕ್ಕೆ ಬಣ್ಣದ ಪಟ್ಟಿ ಅಗ್ಗದ, ಒಳ್ಳೆಯ ಸಾಧನ. ನಾಟಿಯಾಗಿ 14 ದಿನದಿಂದ, 7–10 ದಿನಕ್ಕೊಮ್ಮೆ, ಪೂರ್ತಿ ಬಿಚ್ಚಿದ ಮೇಲಿನ 10 ಎಲೆಗಳನ್ನು ನಿಮ್ಮ ನೆರಳಿನಲ್ಲಿ ಹಿಡಿದು ಹೋಲಿಸಿ. ಆರೋ ಹೆಚ್ಚೋ ಎಲೆಗಳು ನಿಗದಿತ ಬಣ್ಣಕ್ಕಿಂತ ತೆಳುವಾಗಿದ್ದರೆ ಯೂರಿಯಾ ಕೊಡಿ. ಪ್ರತಿ ಸಲ ಒಬ್ಬರೇ ನೋಡಬೇಕು. ಹಸಿರು ಅಳೆಯುವ ಸ್ಪ್ಯಾಡ್ ಮೀಟರೂ ಇದೇ ಕೆಲಸದ್ದು. ಇವೆಲ್ಲ ಮುಖ್ಯವಾಗಿ ಸಾರಜನಕದ ಸುಳಿವು ಕೊಡುತ್ತವೆ. ಆ್ಯಪ್‌ಗಳು ಫೋಟೋ ನೋಡಿ ಹೇಳುವುದು ಬರೀ ಊಹೆ.

ತಾರಸಿ ತೋಟದ ಕರಿಬೇವು, ನಿಂಬೆ ಹಳದಿಯಾಗಿದೆ. ಎಲೆ ಪರೀಕ್ಷೆ ಮಾಡಿಸಲೇ?

ಬೇಡ. ಎರಡು ಕುಂಡದಿಂದ ಬೇಕಾದಷ್ಟು ಎಲೆ ಕಿತ್ತರೆ ಗಿಡವೇ ಬೋಳಾದೀತು. ಮೊದಲು ಕುಂಡದ ತಳದ ತೂತು ಕಟ್ಟಿದೆಯಾ ನೋಡಿ, ಬೇರು ಸುತ್ತಿಕೊಂಡಿದೆಯಾ ನೋಡಿ, ಆಮೇಲೆ ಗಡಸು ನೀರಿನ ಬದಲು ಮಳೆನೀರು ಹಾಕಿ ನೋಡಿ. ಬಹುಪಾಲು ಅಲ್ಲೇ ಮುಗಿಯುತ್ತದೆ. ಮೊಟ್ಟೆ ಸಿಪ್ಪೆ ಹಾಕಿದ್ದೇವೆ ಎನ್ನುವವರಿಗೆ: ಅದು ಕರಗುವಷ್ಟರಲ್ಲಿ ನೀವು ಕುಂಡ ಬದಲಿಸಿರುತ್ತೀರಿ.

ಎಷ್ಟು ವರ್ಷಕ್ಕೊಮ್ಮೆ ಮಾಡಿಸಬೇಕು?

ಹಣ್ಣಿನ ತೋಟಕ್ಕೆ ಮೊದಲ ಎರಡು ಮೂರು ವರ್ಷ ಪ್ರತಿ ವರ್ಷ, ಅದೇ ಹಂತದಲ್ಲಿ, ಸಾಧ್ಯವಾದರೆ ಅದೇ ಗುರುತು ಹಾಕಿದ ಮರಗಳಿಂದ; ಆಮೇಲೆ ಎರಡು ವರ್ಷಕ್ಕೊಮ್ಮೆ. ಬಂದ ವರದಿ ಮುಂದಿನ ಬೆಳೆಯ ಗೊಬ್ಬರದ ಲೆಕ್ಕಕ್ಕೆ. ದ್ರಾಕ್ಷಿಗೆ ಪ್ರತಿ ಬೆಳೆಗೂ ಮಾಡಿಸುವುದು ಒಳ್ಳೆಯದು. ಪಾಲಿಹೌಸಿನ ಗುಲಾಬಿ, ಕ್ಯಾಪ್ಸಿಕಂಗೆ ಇನ್ನೂ ಬೇಗಬೇಗ, ಏಕೆಂದರೆ ಅಲ್ಲಿ ಗೊಬ್ಬರ ದಿನವೂ ನೀರಿನ ಜೊತೆ ಹೋಗುತ್ತದೆ, ತಿದ್ದಲೂ ಸುಲಭ. ಟೊಮ್ಯಾಟೊದಂಥ ಮೂರು ನಾಲ್ಕು ತಿಂಗಳ ಬೆಳೆಗೆ ವರದಿ ಹತ್ತು ದಿನದೊಳಗೆ ಕೈಗೆ ಸಿಗುವುದಿಲ್ಲ ಎಂದಾದರೆ ಎಲೆ ಕೀಳುವ ಶ್ರಮ ಬೇಡ. ಆ ದುಡ್ಡಿನಲ್ಲಿ ಮುಂದಿನ ನಾಟಿಗೆ ಮುಂಚೆ ಮಣ್ಣನ್ನೂ ಬೋರ್‌ವೆಲ್ ನೀರನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.